ಗ್ರಾಹಕರ ಚೆಕ್ ವಾಪಸ್ ಬಂದಿದೆ, ಮತ್ತೊಮ್ಮೆ ಹಾಕಿ ಎನ್ನುತ್ತಿದ್ದಾರೆ: ಹಾಕಬೇಕೇ, ನೋಟಿಸ್ ಕೊಡಬೇಕೇ?

ರಟ್ಟಿನ_ಪೆಟ್ಟಿಗೆ
ಎಲ್ಲರಿಗೂ ನಮಸ್ಕಾರ. ನಮ್ಮದು ಪ್ಯಾಕಿಂಗ್‌ಗೆ ಬೇಕಾದ ರಟ್ಟಿನ ಪೆಟ್ಟಿಗೆಗಳನ್ನು ತಯಾರಿಸುವ ಸಣ್ಣ ಘಟಕ. ಎರಡು ವರ್ಷಗಳಿಂದ ನಮ್ಮಿಂದ ಸರಕು ಒಯ್ಯುತ್ತಿರುವ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಯವರು ಒಟ್ಟು ಬಾಕಿಗೆ ಎರಡು ಚೆಕ್ ಕೊಟ್ಟಿದ್ದರು. ಒಂದು 2,75,000 ರೂಪಾಯಿಯದು, ಇನ್ನೊಂದು ಮುಂದಿನ ತಿಂಗಳ ದಿನಾಂಕ ಹಾಕಿದ 2,05,000 ರೂಪಾಯಿಯದು. ಮೊದಲನೆಯದು ಖಾತೆಯಲ್ಲಿ ಸಾಕಷ್ಟು ಹಣವಿಲ್ಲವೆಂಬ ಕಾರಣಕ್ಕೆ ಹಿಂತಿರುಗಿತು. ಬ್ಯಾಂಕಿನ ಮೆಮೊ ನನ್ನ ಕೈಸೇರಿ ಇಂದಿಗೆ 11 ದಿನ.

ಫೋನ್ ಮಾಡಿದಾಗ ಅವರ ನಿರ್ದೇಶಕರು ಬಹಳ ಸೌಜನ್ಯದಿಂದಲೇ ಮಾತನಾಡಿದರು. ಎರಡು ದಿನಗಳ ಹಿಂದೆ 50,000 ರೂಪಾಯಿಯನ್ನು ನೇರವಾಗಿ ನಮ್ಮ ಖಾತೆಗೆ ಕಳುಹಿಸಿ, ಅದೇ ಚೆಕ್ಕನ್ನು ಬರುವ ಸೋಮವಾರ ಮತ್ತೊಮ್ಮೆ ಹಾಕಿ ಎಂದಿದ್ದಾರೆ. ನಮ್ಮ ಆಡಿಟರ್ ಸ್ವಲ್ಪ ಕಾಯಿರಿ ಎನ್ನುತ್ತಾರೆ, ಭಾವನವರು ಪೊಲೀಸರಿಗೆ ದೂರು ಕೊಡು ಎನ್ನುತ್ತಾರೆ. ಸಂಬಂಧ ಕೆಡಿಸಿಕೊಳ್ಳುವ ಮನಸ್ಸಿಲ್ಲ, ಹಣ ಬಿಡುವ ಸ್ಥಿತಿಯಲ್ಲೂ ಇಲ್ಲ. ಅನುಭವ ಇರುವವರು ದಾರಿ ತೋರಿಸಬೇಕಾಗಿ ವಿನಂತಿ.

ಗೋದಾಮು_ಗಣಿತ
ಮೆಮೊ ಬಂದ ದಿನಾಂಕವನ್ನು ದೊಡ್ಡದಾಗಿ ಬರೆದು ಮೇಜಿನ ಮುಂದೆ ಅಂಟಿಸಿಕೊಳ್ಳಿ. ನಿಮ್ಮ ಬಳಿ ಇರುವುದು 30 ದಿನ, ಅದರಲ್ಲಿ 11 ಹೋಗಿವೆ.

ಮುಂಗೋಪಿ_ಸಗಟು
ನಿಮ್ಮ ಭಾವನವರು ಹೇಳಿದ್ದೇ ಸರಿ. ಹಣವಿಲ್ಲದ ಖಾತೆಯ ಚೆಕ್ ಕೊಡುವುದು ಶುದ್ಧ ಮೋಸ. ಠಾಣೆಗೆ ಹೋಗಿ ದೂರು ಬರೆದುಕೊಡಿ, ಸಂಜೆಯೊಳಗೆ ಹಣ ಬರುತ್ತದೆ. ಸೌಜನ್ಯದ ಮಾತಿಗೆ ಕರಗಿದವರೆಲ್ಲ ನನ್ನಂತೆ ಮುಳುಗಿದವರೇ.

ಕಪ್ಪು_ಕೋಟು
ಸಗಟು ಅವರೇ, ಕೋಪ ಅರ್ಥವಾಗುತ್ತದೆ, ಆದರೆ ದಾರಿ ತಪ್ಪು. ಚೆಕ್ ಅಮಾನ್ಯವಾದ ಅಪರಾಧ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಡಿ ಬರುತ್ತದೆ. ಕಾಯ್ದೆ 1881ರದಾದರೂ ಈ ಕಲಮು ಸೇರಿದ ಅಧ್ಯಾಯ ಜಾರಿಗೆ ಬಂದದ್ದು 1989ರ ಏಪ್ರಿಲ್ 1ರಂದು. ಇದರಲ್ಲಿ ಪೊಲೀಸರಿಗೆ ಕೆಲಸವಿಲ್ಲ. ಚೆಕ್ ಪಡೆದವರೇ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ಲಿಖಿತ ಖಾಸಗಿ ದೂರು ಸಲ್ಲಿಸಬೇಕು. ವಂಚನೆಯ ಆರೋಪ ನಿಲ್ಲಬೇಕಾದರೆ ವ್ಯವಹಾರದ ಆರಂಭದಲ್ಲೇ ಮೋಸದ ಉದ್ದೇಶವಿತ್ತೆಂದು ತೋರಿಸಬೇಕಾಗುತ್ತದೆ. ಎರಡು ವರ್ಷ ಸರಿಯಾಗಿ ಹಣ ಕೊಟ್ಟು ಈಗ ಎಡವಿದ ಕಂಪನಿಯ ಮೇಲೆ ಅದನ್ನು ತೋರಿಸುವುದು ಕಷ್ಟ.

ಈ ಕಲಮಿನಡಿ ನಡೆಯುವುದೆಲ್ಲ ದಿನಾಂಕಗಳ ಮೇಲೆ. ಚೆಕ್ಕಿನ ಮೇಲಿನ ದಿನಾಂಕದಿಂದ ಮೂರು ತಿಂಗಳೊಳಗೆ ಅದು ಬ್ಯಾಂಕಿಗೆ ಹೋಗಿರಬೇಕು (ಕಾಯ್ದೆಯಲ್ಲಿ ಆರು ತಿಂಗಳು ಎಂದಿದ್ದರೂ, ರಿಸರ್ವ್ ಬ್ಯಾಂಕಿನ ಸೂಚನೆಯಂತೆ 2012ರ ಏಪ್ರಿಲ್‌ನಿಂದ ಚೆಕ್ಕಿನ ಆಯುಷ್ಯ ಮೂರೇ ತಿಂಗಳು). ವಾಪಸಾದ ಮಾಹಿತಿ ನಿಮಗೆ ತಲುಪಿದ 30 ದಿನಗಳೊಳಗೆ ಹಣ ಕೇಳಿ ಲಿಖಿತ ನೋಟಿಸ್ ಕೊಡಬೇಕು. ಅವರಿಗೆ ನೋಟಿಸ್ ತಲುಪಿದ ಮೇಲೆ 15 ದಿನಗಳ ಅವಕಾಶವಿರುತ್ತದೆ. ಆ 15 ದಿನ ಮುಗಿದ ನಂತರ ಒಂದು ತಿಂಗಳೊಳಗೆ ದೂರು. ಇವುಗಳಲ್ಲಿ ದೂರು ತಡವಾದರೆ ಮಾತ್ರ, ಸಕಾರಣ ತೋರಿಸಿದಲ್ಲಿ, ನ್ಯಾಯಾಲಯ ಮನ್ನಿಸಬಹುದು. ನೋಟಿಸ್ ತಡವಾದರೆ ಆ ಅಮಾನ್ಯತೆಯ ಮಟ್ಟಿಗೆ ಕಥೆ ಮುಗಿಯಿತು.

ಆತುರವೂ ಅಪಾಯವೇ. 15 ದಿನ ಮುಗಿಯುವ ಮುನ್ನ ಸಲ್ಲಿಸಿದ ದೂರು ದೂರೇ ಅಲ್ಲವೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ.

ರಟ್ಟಿನ_ಪೆಟ್ಟಿಗೆ
ಬಹಳ ಉಪಕಾರವಾಯಿತು ವಕೀಲರೇ. ಹಾಗಾದರೆ ಸೋಮವಾರ ಚೆಕ್ಕನ್ನು ಇನ್ನೊಮ್ಮೆ ಹಾಕಿ, ಪಾಸಾಗದಿದ್ದರೆ ಆಗ ನೋಟಿಸ್ ಕೊಡಬಹುದೇ? ಚೆಕ್ಕಿಗೆ ಇನ್ನೂ ಎರಡು ತಿಂಗಳ ಅವಧಿ ಇದೆ.

ಮುಂಗೋಪಿ_ಸಗಟು
ಧಾರಾಳವಾಗಿ ಹಾಕಬಹುದು. ಅವಧಿಯೊಳಗೆ ಎಷ್ಟು ಬಾರಿ ಬೇಕಾದರೂ ಹಾಕಬಹುದು, ಕೊನೆಯ ಬಾರಿ ವಾಪಸಾದ ದಿನದಿಂದ ಹೊಸದಾಗಿ 30 ದಿನ ಎಣಿಸಬಹುದು ಎಂದು ಸುಪ್ರೀಂ ಕೋರ್ಟೇ 2012ರಲ್ಲಿ ಹೇಳಿದೆ. ಇದು ನನಗೆ ಸ್ವಂತ ಪ್ರಕರಣದಿಂದ ಗೊತ್ತು. ಪೊಲೀಸರ ವಿಷಯದಲ್ಲಿ ತಪ್ಪಿರಬಹುದು, ಇದರಲ್ಲಿಲ್ಲ.

ಕಪ್ಪು_ಕೋಟು
ತೀರ್ಪಿನ ಬಗ್ಗೆ ನೀವು ಹೇಳಿದ್ದು ನಿಜ. ಆದರೆ ಮೊದಲ ಸಂದೇಶದಲ್ಲಿರುವ ಒಂದು ಸಣ್ಣ ವಾಕ್ಯವನ್ನು ಎಲ್ಲರೂ ದಾಟಿಕೊಂಡು ಹೋಗುತ್ತಿದ್ದೇವೆ. 50,000 ರೂಪಾಯಿ ಈಗಾಗಲೇ ಬಂದಿದೆ.

ಚೆಕ್ಕನ್ನು ಬ್ಯಾಂಕಿಗೆ ಹಾಕುವ ದಿನ, ಅದರ ಮೇಲೆ ಬರೆದ ಮೊತ್ತ ಕಾನೂನುಬದ್ಧವಾಗಿ ವಸೂಲಿಗೆ ಅರ್ಹವಾದ ಸಾಲವಾಗಿರಬೇಕು. ಚೆಕ್ ಕೊಟ್ಟ ನಂತರ, ಅದನ್ನು ಹಾಕುವುದಕ್ಕೆ ಮುಂಚೆ, ಸಾಲದ ಒಂದು ಭಾಗ ಸಂದಾಯವಾಗಿದ್ದರೆ, ಆ ಪಾವತಿಯನ್ನು 56ನೇ ಕಲಮಿನಂತೆ ಚೆಕ್ಕಿನ ಮೇಲೆಯೇ ನಮೂದಿಸಿ ಉಳಿದ ಮೊತ್ತಕ್ಕಷ್ಟೇ ಹಾಜರುಪಡಿಸಬೇಕು. ಪೂರ್ತಿ ಮೊತ್ತಕ್ಕೆ ಹಾಕಿ ಅದು ವಾಪಸಾದರೆ 138 ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ತೀರ್ಮಾನಿಸಿದೆ. ಮೊದಲ ಬಾರಿ ಹಾಕಿದಾಗ ನಿಮಗೆ ಬರಬೇಕಿದ್ದದ್ದು ಪೂರ್ತಿ 2,75,000, ಆದ್ದರಿಂದ ಆ ಅಮಾನ್ಯತೆ ಗಟ್ಟಿಯಾಗಿದೆ. ಸೋಮವಾರ ಹಾಕುವ ಹೊತ್ತಿಗೆ ಬರಬೇಕಾದದ್ದು 2,25,000 ಮಾತ್ರ. ಎರಡನೇ ಬಾರಿ ವಾಪಸಾದಾಗ ಅದನ್ನೇ ನಂಬಿ ನೋಟಿಸ್ ಕೊಟ್ಟರೆ, ಎದುರು ವಕೀಲರಿಗೆ ನೀವೇ ಆಯುಧ ಕೊಟ್ಟಂತೆ. ಅಷ್ಟರಲ್ಲಿ ಮೊದಲಿನ 30 ದಿನಗಳೂ ಕಳೆದಿರುತ್ತವೆ.

ಆ ನಿರ್ದೇಶಕರು ಇದನ್ನು ತಿಳಿದೇ ಮಾಡಿದರೆಂದು ನಾನು ಹೇಳುತ್ತಿಲ್ಲ. ತಿಳಿದು ಮಾಡುವವರನ್ನು ಮಾತ್ರ ಬೇಕಾದಷ್ಟು ಕಂಡಿದ್ದೇನೆ.

ಗೋದಾಮು_ಗಣಿತ
ಇದು ಹೊಸ ವಿಷಯ. ಅರ್ಧಂಬರ್ಧ ಹಣ ತೆಗೆದುಕೊಂಡು ಹಳೆಯ ಚೆಕ್ಕನ್ನೇ ಮತ್ತೆ ಹಾಕುವುದನ್ನು ನಾವು ವರ್ಷಗಳಿಂದ ಮಾಡುತ್ತಾ ಬಂದಿದ್ದೇವೆ.

ಖಾತೆ_ಕೀರ್ದಿ
ಇಲ್ಲೊಂದು ತಕರಾರು ಎತ್ತಲು ಅನುಮತಿ ಕೊಡಿ. ನಾನು ಲೆಕ್ಕಪತ್ರದ ಕೆಲಸದವಳು. ಸಾಲಗಾರ ಯಾವ ಬಾಬ್ತಿಗೆಂದು ಹೇಳದೆ ಹಣ ಕೊಟ್ಟರೆ, ಅದನ್ನು ಯಾವ ಬಾಕಿಗೆ ಜಮಾ ಮಾಡಬೇಕೆಂಬುದನ್ನು ಸಾಲ ಕೊಟ್ಟವರು ನಿರ್ಧರಿಸಬಹುದೆಂದು ಕರಾರು ಕಾಯ್ದೆಯ 60ನೇ ಕಲಮು ಹೇಳುತ್ತದೆ. ಈ ಕಂಪನಿಯಿಂದ ಒಟ್ಟು 4,80,000 ಬರಬೇಕಿತ್ತು. ಆ 50,000ವನ್ನು ಎರಡನೇ ಚೆಕ್ಕಿನ ಬಿಲ್ಲುಗಳಿಗೆ ಜಮಾ ಮಾಡಿಕೊಂಡರೆ ಮೊದಲ ಚೆಕ್ಕಿನ 2,75,000 ಹಾಗೆಯೇ ಉಳಿಯುತ್ತದಲ್ಲವೇ?

ಕಪ್ಪು_ಕೋಟು
ಮೇಡಂ, ವಾದ ಚೆನ್ನಾಗಿದೆ. ಆದರೆ ಅದರ ಹಿಂದಿನದೇ 59ನೇ ಕಲಮು. ಕೊಡುವವನು ಇಂಥದ್ದಕ್ಕೆ ಎಂದು ಹೇಳಿ ಕೊಟ್ಟರೆ, ಅಥವಾ ಸಂದರ್ಭದಿಂದಲೇ ಅದು ಸ್ಪಷ್ಟವಾದರೆ, ಅದಕ್ಕೇ ಜಮಾ ಮಾಡಬೇಕು. ಹಣ ಕಳುಹಿಸಿದಾಗ ಅವರು ಏನಾದರೂ ಬರೆದಿದ್ದರೇ?

ರಟ್ಟಿನ_ಪೆಟ್ಟಿಗೆ
ಈಗ ವಾಟ್ಸಾಪ್ ತೆಗೆದು ನೋಡಿದೆ. "ರಿಟರ್ನ್ ಆದ ಚೆಕ್ಕಿನ ಬಾಬ್ತು 50 ಕಳುಹಿಸಿದ್ದೇನೆ, ಉಳಿದದ್ದು ಸೋಮವಾರ" ಎಂದಿದೆ. ನಾನು ಅದಕ್ಕೆ ಕೈಮುಗಿಯುವ ಚಿತ್ರ ಹಾಕಿ "ಸರಿ ಸರ್" ಎಂದಿದ್ದೇನೆ.

ಖಾತೆ_ಕೀರ್ದಿ
ಹಾಗಾದರೆ ನನ್ನ ವಾದವನ್ನು ಹಿಂತೆಗೆದುಕೊಂಡೆ. ಆದರೆ ಆ ಸಂದೇಶವನ್ನು ಅಳಿಸಬೇಡಿ. ಚೆಕ್ ತಮ್ಮದೇ, ಬಾಕಿ ಇರುವುದು ನಿಜ ಎಂಬುದನ್ನು ಅವರೇ ಒಪ್ಪಿಕೊಂಡಂತಿದೆ.

ಐದು_ವರ್ಷದ_ವಾಯಿದೆ
ಇಷ್ಟೆಲ್ಲ ಎಣಿಕೆ ಮಾಡಿ ದೂರು ಹಾಕಿದವನು ನಾನು. ಕಾಯ್ದೆಯಲ್ಲಿ ವಿಚಾರಣೆಯನ್ನು ಆರು ತಿಂಗಳೊಳಗೆ ಮುಗಿಸಲು ಪ್ರಯತ್ನಿಸಬೇಕೆಂದಿದೆ. ನನ್ನದು ಐದನೇ ವರ್ಷದಲ್ಲಿದೆ. ಮೊದಲ ಒಂದೂವರೆ ವರ್ಷ ಸಮನ್ಸ್ ತಲುಪಿಸುವುದರಲ್ಲೇ ಹೋಯಿತು, ನಂತರ ವಾರಂಟ್, ಆಮೇಲೆ ಪಾಟೀ ಸವಾಲಿಗೆ ಸಮಯ ಕೇಳುವುದು. ದೇಶದ ನ್ಯಾಯಾಲಯಗಳಲ್ಲಿ 2019ರ ಕೊನೆಗೆ ಇಂಥ ಪ್ರಕರಣಗಳೇ ಸುಮಾರು 35 ಲಕ್ಷ ಬಾಕಿ ಇದ್ದವು ಎಂಬ ಅಂಕಿ ಸುಪ್ರೀಂ ಕೋರ್ಟಿನ ಮುಂದೆಯೇ ಬಂದಿತ್ತು. ಅವರು 2,25,000ಕ್ಕೆ ಬದಲು 2,00,000 ಕೊಡುತ್ತೇನೆಂದರೆ ತೆಗೆದುಕೊಂಡು ಸುಮ್ಮನಾಗಿ. ಇದು ಸೋತವನ ಮಾತು ಎನ್ನಬಹುದು, ಆದರೆ ಸೋಲಿನ ಲೆಕ್ಕವನ್ನೂ ಯಾರಾದರೂ ಹೇಳಬೇಕು.

ಮುಂಗೋಪಿ_ಸಗಟು
ಹೀಗೆ ಹೇಳಿ ಹೇಳಿಯೇ ಸುಳ್ಳು ಚೆಕ್ ಕೊಡುವವರಿಗೆ ಧೈರ್ಯ ಬಂದಿರುವುದು. ಎರಡು ವರ್ಷದವರೆಗೆ ಜೈಲು, ಚೆಕ್ಕಿನ ಮೊತ್ತದ ಎರಡರಷ್ಟು ದಂಡ ಎಂದು ಕಾನೂನಿನಲ್ಲಿ ಬರೆದಿರುವುದು ಯಾವುದಕ್ಕೆ?

ಕಪ್ಪು_ಕೋಟು
ವಾಯಿದೆಯವರೇ, ವಿಳಂಬದ ವಿಷಯದಲ್ಲಿ ನಿಮ್ಮೊಡನೆ ಜಗಳವಿಲ್ಲ. ಆದರೆ 2018ರ ತಿದ್ದುಪಡಿಯ ನಂತರ ಆರೋಪಿ ತಪ್ಪೊಪ್ಪಿಕೊಳ್ಳದಿದ್ದಲ್ಲಿ ಚೆಕ್ಕಿನ ಮೊತ್ತದ ಶೇ. 20ರವರೆಗೆ ಮಧ್ಯಂತರ ಪರಿಹಾರ ಕೊಡಿಸುವ ಅಧಿಕಾರ 143ಎ ಕಲಮಿನಡಿ ನ್ಯಾಯಾಲಯಕ್ಕಿದೆ. ಅದು ಕಡ್ಡಾಯವಲ್ಲ, ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು. ಆದ್ದರಿಂದ ಅರ್ಜಿ ಹಾಕಿ, ಏಕೆ ಕೊಡಬೇಕೆಂಬುದನ್ನು ವಿವರಿಸಬೇಕು. ಶಿಕ್ಷೆಯಾಗಿ ಆರೋಪಿ ಮೇಲ್ಮನವಿಗೆ ಹೋದರೆ, ದಂಡ ಅಥವಾ ಪರಿಹಾರದ ಮೊತ್ತದಲ್ಲಿ ಕನಿಷ್ಠ ಶೇ. 20 ಠೇವಣಿ ಇಡುವಂತೆ ಮೇಲ್ಮನವಿ ನ್ಯಾಯಾಲಯ ಆದೇಶಿಸಬಹುದು.

ಸಗಟು ಅವರೇ, ಜೈಲು ಎಂಬ ಪದ ನಿಮಗೆ ಹಣ ತರುವುದಿಲ್ಲ. ದಂಡದಿಂದ ಪರಿಹಾರ ಕೊಡಿಸಿದರೆ ಮಾತ್ರ ಹಣ. 138 ಇರುವುದು ಒತ್ತಡಕ್ಕೆ, ಮತ್ತು ಆ ಒತ್ತಡ ಅತಿ ಹೆಚ್ಚು ಇರುವುದು ನೋಟಿಸಿನ 15 ದಿನಗಳಲ್ಲಿ ಹಾಗೂ ಸಮನ್ಸ್ ಬಂದ ಮೊದಲ ವಾರದಲ್ಲಿ. ನನ್ನ ಕಕ್ಷಿದಾರರಲ್ಲಿ ಹಣ ಪಡೆದವರು ಬಹುಪಾಲು ಆ ಎರಡು ಹಂತಗಳಲ್ಲೇ ಪಡೆದಿದ್ದಾರೆ.

ಎರಡೂ_ಬದಿ
ನಾನು ಚೆಕ್ ಕೊಟ್ಟು ಸಿಕ್ಕಿಕೊಂಡವನು, ಆದ್ದರಿಂದ ಆ ಬದಿಯ ಮಾತು. ನನ್ನ ದೊಡ್ಡ ಗ್ರಾಹಕರೊಬ್ಬರ ಹಣ ಬರುವುದು ತಡವಾಗಿ ನಾಲ್ಕು ಚೆಕ್‌ಗಳು ಒಂದೇ ವಾರದಲ್ಲಿ ವಾಪಸಾದವು. ನಾಲ್ವರಲ್ಲಿ ಮೂವರು ಫೋನಿನಲ್ಲಿ ಬೈದರು, ಒಬ್ಬರು ಮಾತ್ರ ಯಾವ ಬೈಗುಳವೂ ಇಲ್ಲದೆ ವಕೀಲರಿಂದ ಒಂದು ಪುಟದ ನೋಟಿಸ್ ಕಳುಹಿಸಿದರು. ಕೈಗೆ ಹಣ ಬಂದಾಗ ನಾನು ಮೊದಲು ತೀರಿಸಿದ್ದು ಆ ನಾಲ್ಕನೆಯವರ ಬಾಕಿಯನ್ನು. ಬೈದವರ ಹಣ ಇನ್ನೆರಡು ತಿಂಗಳು ಎಳೆಯಿತು. ನಾಚಿಕೆಯ ವಿಷಯವೇ, ಆದರೂ ನಡೆದದ್ದು ಹೀಗೆ.

ಆ ನಾಲ್ಕನೆಯವರೊಡನೆ ಇಂದಿಗೂ ವ್ಯವಹಾರವಿದೆ. ನೋಟಿಸ್ ಕೊಟ್ಟರೆ ಸಂಬಂಧ ಮುರಿಯುತ್ತದೆ ಎಂಬ ಭಯ ನೋಟಿಸ್ ಕೊಡುವವರಿಗಿರುವಷ್ಟು ಅದನ್ನು ಪಡೆಯುವವರಿಗೆ ಇರುವುದಿಲ್ಲ.

ರಟ್ಟಿನ_ಪೆಟ್ಟಿಗೆ
ನಿಮ್ಮ ಮಾತು ಓದಿ ಮನಸ್ಸು ಹಗುರವಾಯಿತು. ನೋಟಿಸ್ ಯಾರ ಹೆಸರಿಗೆ ಹೋಗಬೇಕು? ಚೆಕ್ಕಿಗೆ ಸಹಿ ಮಾಡಿದ್ದು ಒಬ್ಬ ನಿರ್ದೇಶಕರು, ವ್ಯವಹಾರ ಮಾತನಾಡುತ್ತಿದ್ದದ್ದು ಇನ್ನೊಬ್ಬರು.

ತಾಂತ್ರಿಕ_ಸೋಲು
ದಯವಿಟ್ಟು ಕಂಪನಿಯ ಹೆಸರನ್ನು ಮರೆಯಬೇಡಿ. ನಾನು ಸಹಿ ಮಾಡಿದವನ ಮೇಲೆ ಮಾತ್ರ ದೂರು ಹಾಕಿದ್ದೆ. ಚೆಕ್ ಕಂಪನಿಯ ಖಾತೆಯದು. ಮೂರು ವರ್ಷದ ಹತ್ತಿರ ಅಲೆದಾಡಿದ ಮೇಲೆ, ಕಂಪನಿಯನ್ನೇ ಆರೋಪಿಯನ್ನಾಗಿ ಸೇರಿಸಿಲ್ಲ ಎಂಬ ಒಂದೇ ಕಾರಣಕ್ಕೆ ಪ್ರಕರಣ ಬಿದ್ದುಹೋಯಿತು. ಬಾಕಿ ಇದ್ದದ್ದನ್ನು ಎದುರಿನವರು ಒಂದು ದಿನವೂ ಅಲ್ಲಗಳೆದಿರಲಿಲ್ಲ.

ಕಪ್ಪು_ಕೋಟು
ಇವರು ಹೇಳಿದ್ದು 141ನೇ ಕಲಮಿನ ವಿಷಯ. ಕಂಪನಿಯನ್ನು ಆರೋಪಿಯಾಗಿ ಸೇರಿಸದೆ ನಿರ್ದೇಶಕರ ಮೇಲೆ ಮಾತ್ರ ಪ್ರಕರಣ ನಡೆಯದೆಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2012ರಲ್ಲಿ ಹೇಳಿದೆ. ನೋಟಿಸ್ ಕಂಪನಿಗೆ, ಸಹಿ ಮಾಡಿದವರಿಗೆ, ಹಾಗೂ ದಿನನಿತ್ಯದ ವ್ಯವಹಾರದ ಹೊಣೆ ಹೊತ್ತ ನಿರ್ದೇಶಕರಿಗೆ ಹೋಗಲಿ. ದೂರಿನಲ್ಲಿ ಯಾರ ಹೊಣೆ ಏನು ಎಂಬುದನ್ನು ಬರೆಯಬೇಕು. ನಿರ್ದೇಶಕರ ಪಟ್ಟಿಯಲ್ಲಿ ಹೆಸರಿದೆ ಎಂದ ಮಾತ್ರಕ್ಕೆ ಎಲ್ಲರನ್ನೂ ಎಳೆದು ತರಲಾಗದು. ಏಕಮಾಲೀಕತ್ವದ ವ್ಯಾಪಾರವಾದರೆ ಮಾಲೀಕರೇ ಆರೋಪಿ.

ನೋಟಿಸಿನ ಮೊತ್ತದಲ್ಲಿ ಒಂದು ಅಂಕಿಯೂ ತಪ್ಪಬಾರದು. ಚೆಕ್ಕಿನ ಮೊತ್ತಕ್ಕಿಂತ ಬೇರೆ ಮೊತ್ತ ಕೇಳಿದ ನೋಟಿಸ್ ಊರ್ಜಿತವಲ್ಲ, ಅದು ಟೈಪಿಂಗ್ ದೋಷವೆಂಬ ಸಮಜಾಯಿಷಿಯೂ ನಡೆಯದು ಎಂದು 2025ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿಮ್ಮ ನೋಟಿಸಿನಲ್ಲಿ ಚೆಕ್ಕಿನ ಮೊತ್ತ 2,75,000, ಅಮಾನ್ಯವಾದ ನಂತರ ಬಂದದ್ದು 50,000, ಅದನ್ನು ಕಳೆದು ಕೊಡಬೇಕಾದದ್ದು 2,25,000 ಎಂದು ಮೂರನ್ನೂ ಬೇರೆ ಬೇರೆಯಾಗಿ ಬರೆಸಿ. ಬಡ್ಡಿ, ವಕೀಲರ ಶುಲ್ಕ ಕೇಳುವುದಾದರೆ ಬೇರೆ ಪ್ಯಾರಾದಲ್ಲಿರಲಿ.

ಸ್ಪೀಡ್ ಪೋಸ್ಟ್‌ನಲ್ಲಿ, ನೋಂದಣಿ ಮತ್ತು ಸ್ವೀಕೃತಿಯ ವ್ಯವಸ್ಥೆಯೊಡನೆ, ಸರಿಯಾದ ವಿಳಾಸಕ್ಕೆ ಕಳುಹಿಸಿ. ಸರಿಯಾದ ವಿಳಾಸಕ್ಕೆ ಹೋದ ನೋಟಿಸನ್ನು ತೆಗೆದುಕೊಳ್ಳದೆ ವಾಪಸ್ ಕಳುಹಿಸಿದರೂ ಅದು ತಲುಪಿತೆಂದೇ ಭಾವಿಸಲಾಗುತ್ತದೆ.

ಗೋದಾಮು_ಗಣಿತ
ದೂರು ಅವರ ಊರಿನಲ್ಲಿ ಹಾಕಬೇಕೇ, ನಮ್ಮ ಊರಿನಲ್ಲೇ?

ಕಪ್ಪು_ಕೋಟು
ನೀವು ನಿಮ್ಮ ಖಾತೆಗೆ ಚೆಕ್ ಹಾಕಿದ್ದರೆ, ನಿಮ್ಮ ಖಾತೆ ಇರುವ ಶಾಖೆಯ ವ್ಯಾಪ್ತಿಯ ನ್ಯಾಯಾಲಯದಲ್ಲಿ. 2014ರ ಒಂದು ತೀರ್ಪಿನಿಂದ ಇದು ತಿರುಗುಮುರುಗಾಗಿತ್ತು, 2015ರ ತಿದ್ದುಪಡಿ ಸರಿಪಡಿಸಿತು.

ಎರಡೂ_ಬದಿ
ಅವರು "ಇದು ಭದ್ರತೆಗೆ ಕೊಟ್ಟ ಖಾಲಿ ಚೆಕ್, ಮೊತ್ತ ನೀವೇ ತುಂಬಿಕೊಂಡಿದ್ದೀರಿ" ಎಂದರೆ? ನನಗೆ ಆಗ ಅನೇಕರು ಕೊಟ್ಟ ಸಲಹೆ ಇದೇ.

ಕಪ್ಪು_ಕೋಟು
ಎಲ್ಲರೂ ಹೇಳುವ ಮೊದಲ ಪ್ರತಿವಾದವೇ ಅದು. ಸಹಿ ತನ್ನದೆಂದು ಒಪ್ಪಿಕೊಂಡರೆ, ಉಳಿದದ್ದನ್ನು ಬೇರೆಯವರು ತುಂಬಿದ್ದಾರೆ ಎಂಬುದರಿಂದಷ್ಟೇ ಹೊಣೆ ತಪ್ಪದು. ಸಾಲ ಇತ್ತೆಂದು ನ್ಯಾಯಾಲಯ ಮಾಡುವ ಊಹೆಯೂ 139ನೇ ಕಲಮಿನಡಿ ಚೆಕ್ ಪಡೆದವರ ಪರವಾಗಿಯೇ ಇರುತ್ತದೆ. ಅದನ್ನು ಅಲ್ಲಗಳೆಯುವ ಭಾರ ಆರೋಪಿಯದು. ಆದರೂ ಅದು ಬಂಡೆಯಲ್ಲ, ಸಂಭವನೀಯವೆನಿಸುವ ಪ್ರತಿವಾದ ತಂದರೆ ಸಾಕು ಸಡಿಲವಾಗುತ್ತದೆ. ಆಗ ನಿಮ್ಮನ್ನು ಕಾಯುವುದು ಇನ್‌ವಾಯ್ಸ್, ಸರಕು ತಲುಪಿದ್ದಕ್ಕೆ ಸಹಿ ಇರುವ ಚಲನ್, ಇ-ವೇ ಬಿಲ್, ಲೆಡ್ಜರ್.

ಖಾತೆ_ಕೀರ್ದಿ
ಎಲ್ಲರೂ 138ರ ಸುತ್ತಲೇ ತಿರುಗುತ್ತಿದ್ದೀರಿ. ಪೆಟ್ಟಿಗೆಯವರೇ, ನಿಮ್ಮದು ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ನೋಂದಣಿ) ಆದ ಘಟಕವೇ? ಈ ಕಂಪನಿಗೆ ಸರಕು ಕೊಡುವುದಕ್ಕೆ ಮುಂಚೆಯೇ ನೋಂದಣಿಯಾಗಿತ್ತೇ?

ರಟ್ಟಿನ_ಪೆಟ್ಟಿಗೆ
ಹೌದು ಮೇಡಂ. ಸಣ್ಣ ಉದ್ಯಮ ಎಂದು ನಾಲ್ಕು ವರ್ಷಗಳ ಹಿಂದೆಯೇ ಆಗಿದೆ.

ಖಾತೆ_ಕೀರ್ದಿ
ಹಾಗಿದ್ದರೆ ನಿಮ್ಮ ಕೈಯಲ್ಲಿ ಇನ್ನೊಂದು ಅಸ್ತ್ರವಿದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಂದ ಕೊಂಡವರು, ಲಿಖಿತ ಒಪ್ಪಂದವಿದ್ದರೂ 45 ದಿನ ಮೀರದಂತೆ ಹಣ ಕೊಡಬೇಕು. ಒಪ್ಪಂದವಿಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಇದಕ್ಕೆ ಫೆಸಿಲಿಟೇಶನ್ ಕೌನ್ಸಿಲ್ (ಇಂಥ ಬಾಕಿಯ ವ್ಯಾಜ್ಯ ತೀರಿಸುವ ಸರ್ಕಾರಿ ಮಂಡಳಿ) ಮುಂದೆ ಹೋಗಬೇಕು, ಅರ್ಜಿಯನ್ನು ಆನ್‌ಲೈನ್‌ನಲ್ಲೇ ಸಲ್ಲಿಸಬಹುದು. ಕೌನ್ಸಿಲ್‌ನ ಐತೀರ್ಪನ್ನು ಕೊಂಡವರು ಪ್ರಶ್ನಿಸಬೇಕಾದರೆ ಮೊದಲು ಅದರ ಶೇ. 75 ಠೇವಣಿ ಇಡಬೇಕು. ಚೆಕ್ ಇರಲಿ, ಇಲ್ಲದಿರಲಿ, ಈ ದಾರಿ ತೆರೆದಿರುತ್ತದೆ.

ಇನ್ನೊಂದು, ಫೋನಿನಲ್ಲಿ ಹೇಳಲು ಯೋಗ್ಯವಾದದ್ದು. ಇನ್‌ವಾಯ್ಸ್ ದಿನಾಂಕದಿಂದ 180 ದಿನಗಳೊಳಗೆ ಹಣ ಕೊಡದಿದ್ದರೆ, ಆ ಕಂಪನಿ ನಿಮ್ಮ ಬಿಲ್ಲಿನ ಮೇಲೆ ಪಡೆದ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟನ್ನು (ಖರೀದಿಯ ಮೇಲಿನ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಂಡದ್ದನ್ನು) ಬಡ್ಡಿಸಮೇತ ಹಿಂತಿರುಗಿಸಬೇಕಾಗುತ್ತದೆ. ಅವರ ಲೆಕ್ಕಿಗರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ನಿರ್ದೇಶಕರ ಬದಲು ಒಮ್ಮೆ ಆ ಲೆಕ್ಕಿಗರೊಡನೆ ಮಾತನಾಡಿ ನೋಡಿ.

ಮುಂಗೋಪಿ_ಸಗಟು
ನಾನು ಸಗಟು ವ್ಯಾಪಾರಿ, ನನಗೂ ಉದ್ಯಮ್ ಪ್ರಮಾಣಪತ್ರವಿದೆ. ಈ ಮೂರು ಪಟ್ಟು ಬಡ್ಡಿ ನನಗೂ ಸಿಗುತ್ತದೆಯೇ?

ಖಾತೆ_ಕೀರ್ದಿ
ಇಲ್ಲ, ಕ್ಷಮಿಸಿ. 2021ರಲ್ಲಿ ವ್ಯಾಪಾರಿಗಳಿಗೆ ನೋಂದಣಿಗೆ ಅವಕಾಶ ಕೊಟ್ಟದ್ದು ಬ್ಯಾಂಕುಗಳ ಆದ್ಯತಾ ವಲಯದ ಸಾಲಕ್ಕೆ ಮಾತ್ರ.

ಮುಂಗೋಪಿ_ಸಗಟು
ನಿರೀಕ್ಷಿಸಿದ್ದೆ.

ತಾಂತ್ರಿಕ_ಸೋಲು
ಸಗಟು ಅವರೇ, ನಮ್ಮಂಥವರಿಗೆ ಸಿವಿಲ್ ದಾವೆ ಇದೆಯಲ್ಲ. 138 ಬಿದ್ದುಹೋದ ಮೇಲೆ ನಾನು ಹಾಕಿದ್ದು ಅದನ್ನೇ, ಆದರೆ ಅಷ್ಟರಲ್ಲಿ ಮೂರು ವರ್ಷದ ಕಾಲಮಿತಿ ಮುಗಿಯಲು ಹನ್ನೆರಡೇ ದಿನ ಉಳಿದಿದ್ದವು. ಕ್ರಿಮಿನಲ್ ದೂರು ನಡೆಯುತ್ತಿದೆ ಎಂದ ಮಾತ್ರಕ್ಕೆ ಸಿವಿಲ್ ಕಾಲಮಿತಿ ನಿಲ್ಲುವುದಿಲ್ಲ, ಎರಡನ್ನೂ ಒಟ್ಟಿಗೆ ನಡೆಸಬಹುದು ಎಂದು ನನಗೆ ಯಾರೂ ಹೇಳಿರಲಿಲ್ಲ.

ಕಪ್ಪು_ಕೋಟು
ಚೆಕ್ ಆಧಾರಿತ ಬಾಕಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 37ನೇ ಆದೇಶದಡಿ ಸಂಕ್ಷಿಪ್ತ ದಾವೆ ಹಾಕಬಹುದು. ಅದರಲ್ಲಿ ಪ್ರತಿವಾದಿ 10 ದಿನಗಳೊಳಗೆ ಹಾಜರಾತಿ ದಾಖಲಿಸಬೇಕು, ಆಮೇಲೂ ವಾದಿಸಲು ನ್ಯಾಯಾಲಯದ ಅನುಮತಿ ಪಡೆಯಬೇಕು. ಸಿಗದಿದ್ದರೆ ನೇರವಾಗಿ ಡಿಕ್ರಿ, ಅಂದರೆ ಹಣ ಕೊಡಬೇಕೆಂಬ ತೀರ್ಪು. ಮೊತ್ತ 3 ಲಕ್ಷ ಮುಟ್ಟುವ ವಾಣಿಜ್ಯ ವ್ಯಾಜ್ಯವಾದರೆ, ತುರ್ತು ಮಧ್ಯಂತರ ಪರಿಹಾರ ಕೇಳದಿದ್ದಲ್ಲಿ, ದಾವೆಗೆ ಮೊದಲು ಮಧ್ಯಸ್ಥಿಕೆಯ ಹಂತ ಕಡ್ಡಾಯ. ದಾವೆಯಲ್ಲಿ ಮೊತ್ತಕ್ಕೆ ತಕ್ಕಂತೆ ಕೋರ್ಟ್ ಶುಲ್ಕ ಕಟ್ಟಬೇಕಾಗುತ್ತದೆ, ಅದನ್ನು ಲೆಕ್ಕದಲ್ಲಿಡಿ.

ದಿವಾಳಿ ಕಾನೂನಿನ ಬೆದರಿಕೆ ಹಾಕಿ ಎಂದೂ ಯಾರಾದರೂ ಹೇಳಬಹುದು. ಅದಕ್ಕೆ ಕನಿಷ್ಠ ಬಾಕಿ 1 ಕೋಟಿ ರೂಪಾಯಿ ಇರಬೇಕು, ಇಲ್ಲಿ ಅದರ ಮಾತೇ ಬೇಡ.

ಐದು_ವರ್ಷದ_ವಾಯಿದೆ
ಲೋಕ ಅದಾಲತ್ ಬಗ್ಗೆಯೂ ಒಂದು ಮಾತು. ಮುಂದಿನ ಅದಾಲತ್‌ಗೆ ನನ್ನ ಪ್ರಕರಣವನ್ನು ಪಟ್ಟಿ ಮಾಡಿದ್ದಾರೆ. ಅಲ್ಲಿ ರಾಜಿಯಾದರೆ ಅದು ಸಿವಿಲ್ ಡಿಕ್ರಿಗೆ ಸಮ, ಕಂತು ತಪ್ಪಿದರೆ ಅಮಲ್ಜಾರಿಗೆ (ನ್ಯಾಯಾಲಯದ ಮೂಲಕ ವಸೂಲಿಗೆ) ಹೋಗಬಹುದು ಎಂದು ನಮ್ಮ ವಕೀಲರು ಹೇಳಿದ್ದಾರೆ. ನಿಜವೇ?

ಕಪ್ಪು_ಕೋಟು
ನಿಜ. 138ರ ಪ್ರಕರಣದಲ್ಲಾದರೂ ಹಾಗೆಯೇ. ಕಂತುಗಳ ದಿನಾಂಕ, ತಪ್ಪಿದರೆ ಏನು ಎಂಬುದನ್ನು ರಾಜಿಪತ್ರದಲ್ಲೇ ಬರೆಸಿ.

ರಟ್ಟಿನ_ಪೆಟ್ಟಿಗೆ
ಎಲ್ಲರಿಗೂ ಧನ್ಯವಾದಗಳು, ಒಂದು ವಾರದ ನಂತರ ಬರೆಯುತ್ತಿದ್ದೇನೆ. ಸೋಮವಾರ ಚೆಕ್ ಹಾಕಲಿಲ್ಲ. ಅದರ ಬದಲು ನಿರ್ದೇಶಕರಿಗೆ ಫೋನ್ ಮಾಡಿ, ಹಳೆಯ ಚೆಕ್ಕನ್ನು ಮತ್ತೆ ಹಾಕುವುದಿಲ್ಲ, ಉಳಿದ 2,25,000ವನ್ನು ನೇರವಾಗಿ ಖಾತೆಗೆ ಹಾಕಿ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾರು ಹೇಳಿಕೊಟ್ಟರು?" ಎಂದು ಕೇಳಿದರು. ಆ ಪ್ರಶ್ನೆ ಕೇಳಿದ ಮೇಲೆ ನನಗಿದ್ದ ಸಂಕೋಚ ಹೋಯಿತು. ಮೆಮೊ ಬಂದ 15ನೇ ದಿನ ಕಂಪನಿಗೂ ಇಬ್ಬರು ನಿರ್ದೇಶಕರಿಗೂ ನೋಟಿಸ್ ರವಾನೆಯಾಗಿದೆ, ಮೂವರಿಗೂ ತಲುಪಿದ ದಾಖಲೆ ಬಂದಿದೆ. ಅವರ ಲೆಕ್ಕಿಗರಿಗೆ ಮೇಡಂ ಹೇಳಿದ 180 ದಿನಗಳ ವಿಷಯವನ್ನು ಬಿಲ್ಲುಗಳ ಪಟ್ಟಿಯೊಡನೆ ಇಮೇಲ್ ಮಾಡಿದೆ. ನಿನ್ನೆ 1,00,000 ಬಂದಿದೆ.

ಈಗ ಉಳಿದ ಪ್ರಶ್ನೆ ಎರಡನೇ ಚೆಕ್ಕಿನದು. ಅದರ ದಿನಾಂಕ ಬರುವ 4ಕ್ಕೆ. ಆ ದಿನವೇ ಹಾಕಲೇ, ಸ್ವಲ್ಪ ಕಾಯಲೇ?

ಕಪ್ಪು_ಕೋಟು
ನಿನ್ನೆ ಬಂದ 1,00,000 ಯಾವ ಬಾಬ್ತು ಎಂದು ಬರೆದಿದ್ದಾರೆ?

ರಟ್ಟಿನ_ಪೆಟ್ಟಿಗೆ
ಏನೂ ಬರೆದಿಲ್ಲ.

ಖಾತೆ_ಕೀರ್ದಿ
ಈಗ ಬಂತು ನೋಡಿ ನನ್ನ 60ನೇ ಕಲಮು.

ಕಪ್ಪು_ಕೋಟು
ಒಪ್ಪಿದೆ ಮೇಡಂ, ಆದರೆ ಜಾಣತನ ಬೇಡ. ನೋಟಿಸ್ ತಲುಪಿದ ನಂತರ ಬಂದ ಹಣ ಆ ಚೆಕ್ಕಿನದೇ ಎಂದು ಅವರು ವಾದಿಸುತ್ತಾರೆ, ಸಂದರ್ಭವೂ ಅದನ್ನೇ ಹೇಳುತ್ತದೆ. ಪೆಟ್ಟಿಗೆಯವರೇ, ಇಂದೇ ಒಂದು ಇಮೇಲ್ ಕಳುಹಿಸಿ: 1,00,000ವನ್ನು ಮೊದಲ ಚೆಕ್ಕಿನ ಬಾಕಿಗೆ ಜಮಾ ಮಾಡಿಕೊಂಡಿದ್ದೇವೆ, ಇನ್ನೂ 1,25,000 ಬರಬೇಕು, ಎರಡನೇ ಚೆಕ್ಕಿನ 2,05,000 ಪೂರ್ತಿಯಾಗಿ ಬಾಕಿ ಇದೆ ಎಂದು. ಹಾಗೆ ಬರೆದ ಮೇಲೆ 4ರಂದು ಬೆಳಿಗ್ಗೆಯೇ ಎರಡನೇ ಚೆಕ್ ಹಾಕಿ.

ರಟ್ಟಿನ_ಪೆಟ್ಟಿಗೆ
ಇಮೇಲ್ ಹೋಯಿತು. 4ರ ನಂತರ ಮತ್ತೆ ಬರೆಯುತ್ತೇನೆ.